ಹಟ್ಟಿಯ ಎಳೆಯ ನಾಯಿಗೆ ತಗಲುವ ಉಣ್ಣಿ ಜ್ವರವೂ ಅದರ ದೀರ್ಘ ಶುಶ್ರೂಷೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆಯ ದಂಡೆಯ ಗ್ರಾಮಗಳನ್ನೂ ಕೆರೆ ಕಾಲುವೆಗಳ ಆಶ್ರಯವುಳ್ಳ ಭೂಮಿಯನ್ನೂ ಬಿಟ್ಟರೆ ಇಲ್ಲಿ ಮಳೆಯನ್ನೇ ನಂಬಿದ ಬೇಸಾಯ ಹೆಚ್ಚು. ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳ ಇವು ಕೈಕೊಟ್ಟ ವರ್ಷ ಒಕ್ಕಲನ್ನು ಕಾಯುವುದು ಕುರಿ. ಕುರಿಯನ್ನು ಕಾಯುವುದು ನಾಯಿ. ಗುಡ್ಡದ ಅಂಚಿನ ಹಟ್ಟಿಗಳಲ್ಲಿ ರಾತ್ರಿ ತೋಳವೋ ಚಿರತೆಯೋ ಸುಳಿದಾಗ ಮೊದಲು ತಿಳಿಯುವುದು ಅದಕ್ಕೇ. ಗುಡೇಕೋಟೆಯ ಕರಡಿಧಾಮದ ಸುತ್ತಣ ಹೊಲಗಳಲ್ಲಿ ಕರಡಿ ಬಂದ ಸುದ್ದಿಯನ್ನು ಕೊಡುವುದೂ ಅದೇ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಹೋದವರು, ಕರಿಯ ಕಂಬಳಿಯ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯೊಳಗಣ ಪ್ರಸಾದವನ್ನು ಸ್ವೀಕರಿಸುವುದನ್ನು ಕಂಡಿರುವರಷ್ಟೆ. ದೇವರ ಸನ್ನಿಧಿಯಲ್ಲಿ ನಾಯಿಗೆ ಇಷ್ಟು ಮನ್ನಣೆ ಕೊಟ್ಟಿರುವ ಈ ಸೀಮೆಯಲ್ಲಿಯೇ, ಮನೆಯ ನಾಯಿ ನಾಲ್ಕು ತಿಂಗಳು ಬೇನೆ ಬಿದ್ದರೆ ಅದನ್ನು ಊರಾಚೆಗೆ ಬಿಟ್ಟುಬರುವ ರೂಢಿಯೂ ಉಂಟು. ಇದು ಕ್ರೌರ್ಯದಿಂದ ಆಗುವುದೆನ್ನಲಾಗದು. ಬೇನೆ ಯಾವುದೆಂದು ತಿಳಿಯದಿರುವುದರಿಂದ ಆಗುವುದೇ ಹೆಚ್ಚು.

ಇಂತಹ ಪ್ರಸಂಗವು ಸಾಮಾನ್ಯವಾಗಿ ಹೀಗಿರುತ್ತದೆ. ಹಟ್ಟಿಯ ಹುಡುಗರು ತಮ್ಮ ಪಾಲಿನ ಹಾಲುರೊಟ್ಟಿ ಹಾಕಿ ಬೆಳೆಸಿದ ಕರಿಯನೆಂಬ ನಾಯಿಗೆ ಒಂದು ವರ್ಷ ತುಂಬುವುದರೊಳಗೆ ಮೈ ಕಾಯುತ್ತದೆ. ಎರಡು ದಿನ ಅನ್ನ ಬಿಟ್ಟು ಮಲಗುತ್ತದೆ. ಆಮೇಲೆ ತಾನೇ ಎದ್ದು ಓಡಾಡುತ್ತದೆ. ಮನೆಯವರು ಮರೆಯುತ್ತಾರೆ. ಏಳೆಂಟು ತಿಂಗಳಾದ ಬಳಿಕ ಅದೇ ನಾಯಿ ಮಂದೆಯ ಹಿಂದೆ ಬೀಳತೊಡಗುತ್ತದೆ. ಪಕ್ಕೆಲುಬು ಕಾಣುತ್ತವೆ, ವಸಡು ಬಿಳಿಚುತ್ತದೆ, ಒಂದು ಕಣ್ಣಿಗೆ ಮಂಜು ಕವಿದಂತಾಗುತ್ತದೆ, ಒಂದು ಮುಂಜಾನೆ ಮೂಗಿನಿಂದ ರಕ್ತ ಸುರಿಯುತ್ತದೆ. ದೃಷ್ಟಿ ತಗಲಿತೆಂದು ಒಬ್ಬರೂ, ಯಾರೋ ವಿಷವಿಕ್ಕಿದರೆಂದು ಇನ್ನೊಬ್ಬರೂ ಹೇಳುತ್ತಾರೆ. ವಿಷದ ಮಾತಿನಿಂದ ನೆರೆಹೊರೆಯಲ್ಲಿ ಜಗಳವೂ ಹತ್ತುವುದುಂಟು. ನಿಜವಾದ ಅಪರಾಧಿಯು ಬಹುಶಃ ನಾಯಿಯ ಕಿವಿಯ ಹಿಂದೆಯೇ ಕುಳಿತಿರುತ್ತದೆ.

ಅದು ಕಂದು ಬಣ್ಣದ ನಾಯಿಯುಣ್ಣಿ. ಕೆಲವೆಡೆ ಉಣುಗು ಎಂದೂ ಕರೆಯುವರು. ಅದು ರಕ್ತ ಹೀರುವಾಗ ಎರ್ಲಿಕಿಯಾ ಎಂಬ ಅತಿ ಸೂಕ್ಷ್ಮ ಜೀವಾಣುವನ್ನು ನಾಯಿಯ ಮೈಗೆ ಬಿಡುತ್ತದೆ. ಈ ಜೀವಾಣುವನ್ನು ಮೊದಲು ಗುರುತಿಸಿದವರು 1935ರಲ್ಲಿ ಅಲ್ಜೀರಿಯಾ ದೇಶದಲ್ಲಿ ಕೆಲಸಮಾಡುತ್ತಿದ್ದ ಡೊನಾಟಿಯೆನ್, ಲೆಸ್ತೊಕಾರ್ ಎಂಬ ಫ್ರೆಂಚ್ ಪಶುವೈದ್ಯರು. ಇದರ ಘೋರರೂಪವು ಲೋಕಕ್ಕೆ ತಿಳಿದದ್ದು ವಿಯೆಟ್ನಾಮ್ ಯುದ್ಧದ ಕಾಲದಲ್ಲಿ. 1960ರ ದಶಕದ ಕೊನೆಯಲ್ಲಿ ಅಲ್ಲಿದ್ದ ಅಮೇರಿಕಾ ಸೇನೆಯ ನಾಯಿಗಳು ನೂರಕ್ಕೂ ಮಿಕ್ಕಿ ಇದೇ ರೋಗದಿಂದ ಸತ್ತವು. ಅವುಗಳಲ್ಲಿಯೂ ಮೂಗಿನಿಂದ ರಕ್ತ ಬೀಳುವುದೇ ಎದ್ದುಕಾಣುವ ಚಿಹ್ನೆಯಾಗಿತ್ತು.

ರೋಗದ ನಡೆ ಮೂರು ಹಂತದ್ದು. ಉಣ್ಣಿ ಕಚ್ಚಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ ಬರುತ್ತದೆ. ಎರಡರಿಂದ ನಾಲ್ಕು ವಾರ ಇದ್ದು ಇಳಿಯುತ್ತದೆ. ಎರಡನೆಯ ಹಂತದಲ್ಲಿ ನಾಯಿಯು ಹೊರಗೆ ಆರೋಗ್ಯವಾಗಿ ಕಾಣುತ್ತಿದ್ದರೂ ಜೀವಾಣುವು ಒಳಗೆ ಅಡಗಿರುತ್ತದೆ. ಇದು ತಿಂಗಳುಗಳವರೆಗೆ, ಕೆಲವು ವೇಳೆ ವರ್ಷಗಳವರೆಗೆ ನಡೆಯುವುದು. ಮೂರನೆಯದರಲ್ಲಿ ಎಲುಬಿನೊಳಗಣ ಮಜ್ಜೆಯು ಸೊರಗಿ ಹೊಸ ರಕ್ತ ಹುಟ್ಟುವುದು ಕುಗ್ಗುತ್ತದೆ. ಎಲ್ಲ ನಾಯಿಗಳೂ ಮೂರನೆಯ ಹಂತಕ್ಕೆ ಬರುವುದಿಲ್ಲ; ಕೆಲವು ತಾವಾಗಿಯೇ ಜೀವಾಣುವನ್ನು ಗೆಲ್ಲುತ್ತವೆ. ಯಾವುದು ಗೆಲ್ಲುವುದು, ಯಾವುದು ಸೋಲುವುದು ಎಂದು ನೋಡಿ ಹೇಳಲಾಗದ ಕಾರಣ ಮೊದಲ ಜ್ವರದಲ್ಲಿಯೇ ಮದ್ದು ಕೊಡಿಸುವುದು ಮೇಲು.

ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಆರೋಗ್ಯವಂತ ನಾಯಿಯ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು 2 ಲಕ್ಷದಿಂದ 5 ಲಕ್ಷದವರೆಗೆ ಇರುವುವು. ಈ ರೋಗದಲ್ಲಿ ಅವು 1 ಲಕ್ಷಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಮೂಗಿನ ರಕ್ತಕ್ಕೂ ಹೊಟ್ಟೆಯ ಚರ್ಮದ ಮೇಲಣ ಕೆಂಪು ಚುಕ್ಕೆಗಳಿಗೂ ಇದು ಮುಖ್ಯ ಕಾರಣ. ಆದಕಾರಣ ದನದ ದವಾಖಾನೆಗೆ ನಾಯಿಯನ್ನು ಒಯ್ದಾಗ ರಕ್ತಪರೀಕ್ಷೆ ಮಾಡಿಸಬೇಕೆಂದು ಯಜಮಾನನೇ ಕೇಳತಕ್ಕದ್ದು. ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಮರೆಯದೆ ಹೇಳಬೇಕು. ಅದು ಬೆಬೀಸಿಯಾ ಎಂಬ ಇನ್ನೊಂದು ಉಣ್ಣಿರೋಗದ ಗುರುತಾಗಿರಬಹುದು; ಅದಕ್ಕೆ ಬೇರೆ ಮದ್ದು ಬೇಕು. ಎರಡೂ ಒಂದೇ ನಾಯಿಯಲ್ಲಿ ಕೂಡಿರುವುದು ಅಪರೂಪವಲ್ಲ.

ಎರ್ಲಿಕಿಯಾಕ್ಕೆ ಔಷಧವು ದುರ್ಲಭವೂ ಅಲ್ಲ, ದುಬಾರಿಯೂ ಅಲ್ಲ. ಡಾಕ್ಸಿಸೈಕ್ಲಿನ್ ಎಂಬ ಮಾತ್ರೆಯನ್ನು ನಾಯಿಯ ಒಂದು ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಮಿನಂತೆ 28 ದಿನ ಕೊಡುವುದು ವೈದ್ಯರ ವಾಡಿಕೆ. 15 ಕಿಲೋ ತೂಗುವ ನಾಯಿಗೆ ದಿನಕ್ಕೆ 150 ಮಿಲಿಗ್ರಾಮು ಆಯಿತು. ತೂಕವನ್ನು ಕಣ್ಣಳತೆಯಿಂದ ಹೇಳಬಾರದು. ನಾಯಿಯನ್ನೆತ್ತಿಕೊಂಡು ಧಾನ್ಯದ ಕಾಟಾದ ಮೇಲೆ ನಿಂತು, ಆಮೇಲೆ ತಾನೊಬ್ಬನೇ ನಿಂತು, ಒಂದರಿಂದ ಒಂದನ್ನು ಕಳೆದರೆ ಸರಿಯಾದ ತೂಕ ಸಿಕ್ಕುವುದು. ಮಾತ್ರೆಯನ್ನು ಬರಿಯ ಬಾಯಿಗೆ ಹಾಕಿ ಒಣಗಂಟಲಿನಲ್ಲಿ ನುಂಗಿಸಿದರೆ ಅದು ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುವುದು. ಮುದ್ದೆಯ ತುತ್ತಿನಲ್ಲಿ ಹುದುಗಿಸಿ ಕೊಟ್ಟು ಮೇಲೆ ನೀರು ಕುಡಿಸಬೇಕು. ಹಾಲು ಮಜ್ಜಿಗೆಯೊಡನೆ ಕೊಡಕೂಡದು. ಅವುಗಳಲ್ಲಿಯ ಸುಣ್ಣದ ಅಂಶವು ಮದ್ದು ಮೈಗೆ ಹತ್ತುವುದನ್ನು ತಗ್ಗಿಸುತ್ತದೆ.

ಇಲ್ಲಿಯೇ ಹೆಚ್ಚಿನವರು ಎಡವುವುದು. ಮದ್ದು ಬಿದ್ದ ಎರಡು ಮೂರು ದಿನಗಳಲ್ಲಿಯೇ ನಾಯಿ ತಲೆಯೆತ್ತಿ ರೊಟ್ಟಿ ತಿನ್ನುತ್ತದೆ. ಐದಾರನೆಯ ದಿನ ಹುಡುಗರ ಹಿಂದೆ ಹೊಲಕ್ಕೆ ಓಡುತ್ತದೆ. ವಾಸಿಯಾಯಿತೆಂದು ಮಿಕ್ಕ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆಯುವರು. ನಾಯಿಯ ಹಸಿವು ಮರಳಿದ್ದು ಜೀವಾಣು ಹೋದುದರ ಸಾಕ್ಷಿಯಲ್ಲ. ಎಂಟು ದಿನದ ಮದ್ದು ಬೇನೆಯನ್ನು ಮರೆಮಾಡುತ್ತದೆ, ಕೀಳುವುದಿಲ್ಲ. ಮನೆಯ ಒಬ್ಬರಿಗೆ, ಅದರಲ್ಲಿಯೂ ನಾಯಿಯ ಮೇಲೆ ಜೀವವಿಟ್ಟಿರುವ ಹುಡುಗನಿಗೋ ಹುಡುಗಿಗೋ, ಈ ಕೆಲಸವನ್ನು ಒಪ್ಪಿಸಿ, ದಿನಕ್ಕೊಂದು ಗೀಟನ್ನು ಇದ್ದಿಲಿನಿಂದ ಗೋಡೆಯ ಮೇಲೆ ಎಳೆಯಿಸಿದರೆ 28 ತಪ್ಪುವುದಿಲ್ಲ. ದೊಡ್ಡವರು ಮರೆತರೂ ಮಕ್ಕಳು ಮರೆಯುವುದಿಲ್ಲ.

ತಿಂಗಳ ಮದ್ದು ಮುಗಿದ ಮೇಲೆ ರಕ್ತಕಣಗಳನ್ನು ಮತ್ತೊಮ್ಮೆ ಎಣಿಸಬೇಕು. ಆಗ ಪರೀಕ್ಷಾಪಟ್ಟಿಯಲ್ಲಿ ರೋಗವು ‘ಇದೆ’ ಎಂದೇ ಕಾಣಬಹುದು. ಅದರಿಂದ ಗಾಬರಿ ಬೇಡ. ಆ ಪಟ್ಟಿಯು ಗುರುತಿಸುವುದು ರೋಗದ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿವಸ್ತುವನ್ನು. ಅದು ಗುಣವಾದ ಮೇಲೂ ಬಹು ತಿಂಗಳು ಉಳಿಯುವುದು. ಕಣಗಳ ಸಂಖ್ಯೆ ಏರುತ್ತಿದೆಯೇ, ತೂಕ ಕೂಡುತ್ತಿದೆಯೇ ಎಂಬುದೇ ಮುಖ್ಯ.

ಬೇನೆಯ ನಾಯಿಗೆ ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡುವ ಅಭ್ಯಾಸವು ಬಹಳ ಕೆಟ್ಟದ್ದು. ಮೈಕೈ ನೋವಿಗೆ ತರುವ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಇವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸುವುವು. ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಅಂತಹ ಹುಣ್ಣೇ ಪ್ರಾಣಾಂತಿಕ. ಮೂಗಿನಿಂದ ರಕ್ತ ಬಿದ್ದಾಗ ಹತ್ತಿಯನ್ನು ತುರುಕುವುದೂ, ಕತ್ತನ್ನು ಹಿಂದಕ್ಕೆ ಬಾಗಿಸುವುದೂ ಬೇಡ. ನೆರಳಿನಲ್ಲಿ ಸದ್ದಿಲ್ಲದೆ ಮಲಗಿಸಿ, ಮೂಗಿನ ಮೇಲ್ಭಾಗಕ್ಕೆ ತಣ್ಣೀರ ಬಟ್ಟೆ ಹಿಡಿದು, ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ಮದ್ದಿನಷ್ಟೇ ಮುಖ್ಯವಾದುದು ಉಣ್ಣಿಯ ಮಾತು. ಕುರಿಯಿಂದ ನಾಯಿಗೆ ಉಣ್ಣಿ ಹತ್ತುವುದೆಂದು ಜನರ ನಂಬಿಕೆ. ಈ ಕಂದುಣ್ಣಿಯು ಬಹುಮಟ್ಟಿಗೆ ನಾಯಿಯನ್ನೇ ಅವಲಂಬಿಸಿ ಬದುಕುವುದು. ಅದರ ಗೂಡು ಕುರಿಯ ಮೈಯಲ್ಲಲ್ಲ, ಮನೆಯ ಗೋಡೆಯಲ್ಲಿದೆ. ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣಿ ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಸಂದಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ಮರಿಯು ಬೆಳೆದು ದೊಡ್ಡದಾಗುವುದರೊಳಗೆ ಮೂರು ಸಲ ನಾಯಿಯ ಮೈಯೇರಿ ಮೂರು ಸಲ ಇಳಿಯುವುದು. ಆಹಾರವಿಲ್ಲದೆಯೂ ಬೆಳೆದ ಉಣ್ಣಿ ತಿಂಗಳುಗಟ್ಟಲೆ ಕಾದಿರಬಲ್ಲದು. ಈ ಸೀಮೆಯ ಮಾಳಿಗೆ ಮನೆಗಳ ಮಣ್ಣುಗೋಡೆ, ಕಲ್ಲುಕಟ್ಟೆಯ ಬಿರುಕು, ನಾಯಿ ಮಲಗುವ ಕಟ್ಟೆಯ ಮೇಲಣ ಜಂತೆಯ ಸಂದು ಇವೆಲ್ಲ ಅದಕ್ಕೆ ಅನುಕೂಲವಾದ ನೆಲೆಗಳು. ನಾಯಿಯ ಮೈಯನ್ನು ಮಾತ್ರ ಶುದ್ಧಮಾಡಿ ಗೋಡೆಯನ್ನು ಬಿಟ್ಟರೆ ಹದಿನೈದು ದಿನದಲ್ಲಿ ಮೊದಲಿನಂತೆಯೇ. ಬಿರುಕುಗಳನ್ನು ಮಣ್ಣಿನಿಂದ ಮೆತ್ತಿ ಸುಣ್ಣ ಬಳಿಯಬೇಕು. ಹಾಸಿದ ಗೋಣಿಯನ್ನು ಸುಟ್ಟು ಹೊಸದನ್ನು ಹಾಕಬೇಕು.

ಈ ಜೀವಾಣು ಉಣ್ಣಿಯ ಮೊಟ್ಟೆಯ ಮೂಲಕ ಮುಂದಿನ ಸಂತತಿಗೆ ಇಳಿಯುವುದಿಲ್ಲ. ರೋಗಿಷ್ಠ ನಾಯಿಯ ರಕ್ತ ಕುಡಿದ ಎಳೆಯ ಉಣ್ಣಿಯೇ ಬೆಳೆದು ಮುಂದಿನ ನಾಯಿಗೆ ಒಯ್ಯಬೇಕು. ಎಂದಮೇಲೆ, ಬೇನೆಯ ನಾಯಿಯನ್ನು ಊರಾಚೆಗೆ ಬಿಟ್ಟವನು ರೋಗವನ್ನು ನೆರೆಯೂರಿಗೆ ಕಳುಹಿಸಿದಂತಾಯಿತು. ತನ್ನ ಗೋಡೆಯಲ್ಲಿ ಉಳಿದ ಉಣ್ಣಿಗೆ ಮುಂದಿನ ಮರಿಯನ್ನು ಒಪ್ಪಿಸಿದಂತೆಯೂ ಆಯಿತು. ಹೊಸ ಮರಿ ತಂದರೂ ವರ್ಷದೊಳಗೆ ಅದೇ ಕಥೆ.

ದಿನಕ್ಕೆರಡು ಬಾರಿ ಕಿವಿಯ ಒಳಗೆ, ಕೊರಳಪಟ್ಟಿಯ ಕೆಳಗೆ, ಕಂಕುಳಲ್ಲಿ, ಬೆರಳ ಸಂದಿನಲ್ಲಿ ತಡವಿ ನೋಡಬೇಕು. ಕಚ್ಚಿದ ಕೆಲವೇ ಗಂಟೆಗಳಲ್ಲಿ ರೋಗವು ದಾಟುವುದರಿಂದ ನಾಳೆ ನೋಡೋಣವೆಂಬುದು ಸಲ್ಲದು. ಚಿಮುಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು ನೆಟ್ಟಗೆ ಎಳೆದು, ಸೀಮೆಎಣ್ಣೆಯಿರುವ ಡಬ್ಬಿಯಲ್ಲಿ ಹಾಕುವುದು. ಸೀಮೆಎಣ್ಣೆ ಡಬ್ಬಿಯಲ್ಲಿರಬೇಕೇ ಹೊರತು ನಾಯಿಯ ಮೈಮೇಲಲ್ಲ. ಉಗುರಿನಿಂದ ಕುಕ್ಕಿ ಕೊಲ್ಲುವುದೂ ಒಳ್ಳೆಯದಲ್ಲ. ಈ ಜ್ವರವು ನಾಯಿಯನ್ನು ಮುಟ್ಟಿದ್ದರಿಂದ ಮನೆಯವರಿಗೆ ತಗಲುವುದಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನ ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯನ್ನು ತರುವ ಉಣ್ಣಿಯೇ ಬೇರೆ, ರೋಗವೇ ಬೇರೆ.

ಕುರಿಯನ್ನು ಮೀಯಿಸುವ ಔಷಧವನ್ನು ಅದೇ ಹದದಲ್ಲಿ ನಾಯಿಗೆ ಸುರಿಯುವವರಿದ್ದಾರೆ. ನಾಯಿಯು ಮೈ ನೆಕ್ಕುವ ಪ್ರಾಣಿ. ಸುರಿದದ್ದೆಲ್ಲ ಹೊಟ್ಟೆ ಸೇರುವುದು. ಹಳೆಯ ಬಿ.ಹೆಚ್.ಸಿ. ಪುಡಿಯ ಚೀಲವು ಇನ್ನೂ ಯಾರ ಅಟ್ಟದ ಮೇಲಾದರೂ ಇದ್ದರೆ ಅದನ್ನು ಮುಟ್ಟಲೇಬಾರದು. ಅದು 1997ರಲ್ಲಿಯೇ ನಿಷಿದ್ಧವಾಗಿದೆ. ನಾಯಿಗೆಂದೇ ಮಾಡಿದ ಉಣ್ಣಿಯ ಮಾತ್ರೆ, ಕೊರಳಪಟ್ಟಿಗಳು ಈಗ ದೊರೆಯುತ್ತವೆ. ನಾಯಿಗೆ ಹಿಂದೆ ಮೂರ್ಛೆ ಬಂದಿದ್ದರೆ ಮಾತ್ರೆಯನ್ನು ಕೊಡುವ ಮುನ್ನ ವೈದ್ಯರಿಗೆ ತಿಳಿಸಬೇಕು.

ಬರಿಯ ರೊಟ್ಟಿಯಿಂದ ರಕ್ತ ತುಂಬದು. ಬೇಯಿಸಿದ ಮೊಟ್ಟೆ, ಬೇಯಿಸಿದ ಮಾಂಸ, ಕುದಿಸಿದ ಬೇಳೆ ಇಷ್ಟು ಬೆರೆಯಬೇಕು. ಶಕ್ತಿ ಬರಲೆಂದು ಸತ್ತ ಕುರಿಯ ಹಸಿ ತಲೆ, ಪುಪ್ಪುಸಗಳನ್ನು ಎಸೆಯುವುದು ಮಾತ್ರ ಕೂಡದು. ಕುರಿಯ ಮಿದುಳಿನಲ್ಲಿರುವ ನೀರುಗುಳ್ಳೆಯನ್ನು ನಾಯಿ ತಿಂದರೆ ಅದರ ಹೊಟ್ಟೆಯಲ್ಲಿ ಲಾಡಿಹುಳುವಾಗಿ, ಅದರ ಮಲದಿಂದ ಮೇವಿಗೆ ಹತ್ತಿ, ಮತ್ತೆ ಮಂದೆಯಲ್ಲಿ ತಲೆಸುತ್ತಿನ ರೋಗವಾಗಿ ಕಾಣಿಸುವುದು. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮದ್ದು ಕೊಡಿಸುವುದು ನಾಯಿಗೂ ಮಂದೆಗೂ ಹಿತ.

ಮಜ್ಜೆಯು ಪೂರ್ತಿಯಾಗಿ ಬತ್ತಿದ ನಾಯಿಗಳಲ್ಲಿ 28 ದಿನದ ಮದ್ದೂ ಫಲಿಸದೆ ಹೋಗುವುದುಂಟು. ವೈದ್ಯರು ಇದನ್ನು ಮರೆಮಾಚದೆ ಹೇಳುವಂತೆ ಯಜಮಾನನು ಕೇಳಬೇಕು, ಮನೆಯ ಮಕ್ಕಳಿಗೂ ಹೇಳಬೇಕು. ಕಾರಣ ತಿಳಿಯದೆ ಕಳೆದುಕೊಂಡ ನಾಯಿಯನ್ನು ಮಕ್ಕಳು ಬಹುಕಾಲ ಹುಡುಕುತ್ತಾರೆ. ಅಂತಹ ನಾಯಿಗೆ ನೆರಳು, ನೀರು, ಮೆತ್ತನೆಯ ಆಹಾರ, ಪರಿಚಿತರ ಕೈ ಇಷ್ಟಿದ್ದರೆ ಕೆಲವು ವಾರ ಸುಖವಾಗಿ ಕಳೆಯುತ್ತದೆ. ಸಂಕಟವು ಮಿತಿಮೀರಿದಾಗ ವೈದ್ಯರ ಕೈಯಿಂದ ನೋವಿಲ್ಲದ ಮರಣವನ್ನು ಕೊಡಿಸುವುದು, ಸಂತೆಯ ಬಯಲಿನಲ್ಲಿ ಬಿಟ್ಟುಬರುವುದಕ್ಕಿಂತ ಎಷ್ಟೋ ಮೇಲು.

ಗುಣಮುಖವಾಗುತ್ತಿರುವ ನಾಯಿಯನ್ನು ಕೂಡಲೆ ಮಂದೆಯ ಹಿಂದೆ ಅಟ್ಟಬಾರದು. ಮೊದಲು ಹಟ್ಟಿಯ ಕಾವಲು, ಆಮೇಲೆ ಸಮೀಪದ ಹೊಲ, ವಸಡು ಕೆಂಪಾದ ಮೇಲೆ ದೂರದ ಅಡವಿ. ತೊಡಕು ಬರುವುದು ಸುಗ್ಗಿಯ ನಂತರ. ಕುರಿಗಾರರು ಮಂದೆಯೊಡನೆ ಊರು ಬಿಟ್ಟು, ಗೊಬ್ಬರಕ್ಕಾಗಿ ಜಮೀನುದಾರರ ಹೊಲಗಳಲ್ಲಿ ಕುರಿ ನಿಲ್ಲಿಸುತ್ತ ನೀರಾವರಿಯ ಕಡೆಗೆ ಹೋಗುವ ಕಾಲವದು. ಹನ್ನೆರಡನೆಯ ದಿನದ ಮಾತ್ರೆಯಲ್ಲಿರುವ ನಾಯಿ ಆಗ ಎಲ್ಲಿರಬೇಕು? ಊರಿನಲ್ಲಿ ಯಾರಾದರೂ ಉಳಿದಿದ್ದರೆ ಅವರಲ್ಲಿಯೇ ಬಿಡುವುದು ಯುಕ್ತ. ಇಲ್ಲವಾದರೆ ಮಾತ್ರೆಯ ಪೊಟ್ಟಣವೂ ವೈದ್ಯರ ಚೀಟಿಯೂ ಕುರಿಗಾರನ ಹೆಗಲ ಚೀಲದಲ್ಲಿರಬೇಕು. ಮಂದೆಯನ್ನು ತನ್ನ ಹೊಲದಲ್ಲಿ ನಿಲ್ಲಿಸಿಕೊಂಡ ಜಮೀನುದಾರನು, ಕುರಿಗಾರನಿಗೆ ಜೋಳವನ್ನು ಅಳೆದುಕೊಡುವಾಗ ನಾಯಿಯ ಮಾತ್ರೆ ಎಷ್ಟು ಉಳಿದಿದೆಯೆಂದು ವಿಚಾರಿಸಿ, ಮುಗಿದಿದ್ದರೆ ಸಮೀಪದ ಪೇಟೆಯಿಂದ ತರಿಸಿಕೊಡಬಹುದು.