ಗೋಮುಖ–ತಪೋವನದ ಹಾದಿ: ತಂಡದೊಡನೆ ಹೊರಡುವ ಭಕ್ತರಿಗೆ ಕೆಲವು ಆರೋಗ್ಯವಿಚಾರಗಳು

ಹಿಮಾಲಯಯಾತ್ರೆಯ ಹಂಬಲ ನಮ್ಮ ನಾಡಿನ ಭಕ್ತರಿಗೆ ಇಂದು ನಿನ್ನೆಯದಲ್ಲ. ಕೇದಾರನಾಥದ ರಾವಲರು ಕರ್ನಾಟಕ ಮೂಲದ ವೀರಶೈವ ಪರಂಪರೆಯವರು; ಊಖೀಮಠವು ಪಂಚಪೀಠಗಳಲ್ಲಿ ಒಂದರ ನೆಲೆ. ಈ ಹಳೆಯ ನಂಟಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಬಗೆ ಸೇರಿಕೊಂಡಿದೆ. ಮೊದಲೆಲ್ಲ ಗಂಗೋತ್ರಿಯಲ್ಲಿ ದರ್ಶನ ಮುಗಿಸಿ ವಾಹನವೇರಿ ಹಿಂತಿರುಗುತ್ತಿದ್ದವರು ಈಗ ಮಾರ್ಗದರ್ಶಕರಿರುವ ಚಾರಣತಂಡವನ್ನು ಸೇರಿ, ಅಲ್ಲಿಂದಾಚೆಗೆ ಗೋಮುಖಕ್ಕೂ, ಅದರ ಮೇಲಿರುವ ತಪೋವನಕ್ಕೂ ನಡೆದು ಹೋಗುತ್ತಿದ್ದಾರೆ. ಐವತ್ತು ಅರವತ್ತು ದಾಟಿದವರೂ ಇವರಲ್ಲಿದ್ದಾರೆ. ಹೋಗಬಹುದೇ ಎಂದು ನನ್ನಲ್ಲಿಗೆ ಕೇಳಲು ಬರುವವರಿಗೆ, ಪರೀಕ್ಷಿಸಿದ ಮೇಲೆ, ಬಹುಮಟ್ಟಿಗೆ ಹೋಗಿಬನ್ನಿ ಎಂದೇ ಹೇಳುತ್ತೇನೆ. ಆದರೆ ಒಂದು ನಿಬಂಧನೆಯುಂಟು. ದಾರಿಯಲ್ಲಿ ತಲೆನೋವು ಬಂದ ಗಳಿಗೆಯಲ್ಲೇ ಮಾರ್ಗದರ್ಶಕನಿಗೆ ತಿಳಿಸುತ್ತೇನೆ, ಇಳಿಯಿರಿ ಎಂದರೆ ಮರುಮಾತಿಲ್ಲದೆ ಇಳಿಯುತ್ತೇನೆ ಎಂದು ಮನೆಯವರ ಎದುರಿಗೆ ಮಾತು ಕೊಡಬೇಕು. ಇದೇಕೆ ಇಷ್ಟು ಮುಖ್ಯವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಾದಿಯ ಪರಿಚಯ. ಗಂಗೋತ್ರಿಯು ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭಾಗೀರಥಿಯ ದಂಡೆಗುಂಟ ಚೀರ್‌ಬಾಸಾ, ಭೋಜ್‌ಬಾಸಾಗಳನ್ನು ಹಾದು ಗೋಮುಖಕ್ಕೆ ಸುಮಾರು 18 ಕಿಲೋಮೀಟರ್ ನಡಿಗೆ. ಭೋಜ್‌ಬಾಸಾ ಸುಮಾರು 3,800 ಮೀಟರ್, ಗೋಮುಖ 4,000 ಮೀಟರಿನ ಆಸುಪಾಸು, ಶಿವಲಿಂಗ ಶಿಖರದ ಬುಡದಲ್ಲಿರುವ ತಪೋವನ ಸುಮಾರು 4,450 ಮೀಟರ್. (ಭೋಜ್‌ಬಾಸಾ ಎಂದರೆ ಭೂರ್ಜವೃಕ್ಷಗಳ ನೆಲೆ. ನಮ್ಮ ಶಾಸ್ತ್ರಗಳಲ್ಲಿ ಔಷಧವೆಂದೂ, ಬರೆಯುವ ಪತ್ರವೆಂದೂ ಬರುವ ಆ ಮರ ಸೌದೆಗಾಗಿ ಕಡಿದು ಕಡಿದು ಅಲ್ಲಿ ವಿರಳವಾಗಿದೆ ಎಂಬುದು ವೈದ್ಯನಾದವನಿಗೆ ನೋವಿನ ಸಂಗತಿ.) ಈ ಪ್ರದೇಶವು ಗಂಗೋತ್ರಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯ ಅನುಮತಿಪತ್ರ ಬೇಕು, ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯೂ ಉಂಟು. ಗಂಗೋತ್ರಿ ದಾಟಿದ ಮೇಲೆ ಮೊಬೈಲನ್ನು ನಂಬುವಂತಿಲ್ಲ. ಜಿಲ್ಲಾ ಕೇಂದ್ರವಾದ ಉತ್ತರಕಾಶಿ ಗಂಗೋತ್ರಿಯಿಂದ ಕೆಳಗೆ ಸುಮಾರು 100 ಕಿಲೋಮೀಟರ್ ದೂರ.

ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕ ಕಡಿಮೆ ಎಂದು ಜನ ಹೇಳುವುದುಂಟು. ವಾಸ್ತವದಲ್ಲಿ ಗಾಳಿಯಲ್ಲಿ ಅದರ ಪಾಲು ಅಲ್ಲಿಯೂ ಇಲ್ಲಿಯಷ್ಟೇ, ಶೇಕಡಾ 21. ಕುಗ್ಗುವುದು ಗಾಳಿಯ ಒತ್ತಡ. ಗಂಗೋತ್ರಿಯಲ್ಲಿ ಅದು ಕಡಲತೀರದ ಒತ್ತಡದ ಮೂರರಲ್ಲಿ ಎರಡು ಪಾಲಿನಷ್ಟು, ತಪೋವನದಲ್ಲಿ ಸುಮಾರು ಐದರಲ್ಲಿ ಮೂರು ಪಾಲು. ಒಂದೊಂದು ಉಸಿರಿನಲ್ಲೂ ಶರೀರಕ್ಕೆ ದೊರೆಯುವ ಪ್ರಾಣವಾಯು ಅಷ್ಟರಮಟ್ಟಿಗೆ ತಗ್ಗುತ್ತದೆ. ಶರೀರವು ಇದಕ್ಕೆ ಹೊಂದಿಕೊಳ್ಳಬಲ್ಲುದು, ಆದರೆ ದಿನಗಳು ಬೇಕು. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಆದಕಾರಣ ಇಲ್ಲಿ ಎಷ್ಟು ಬೆಟ್ಟ ಹತ್ತಿದವರಿಗೂ ಅಲ್ಲಿಯ ಗಾಳಿಯ ಅಭ್ಯಾಸ ಆಗಿರುವುದಿಲ್ಲ. ಕಾಲಿನ ಬಲವನ್ನು ಊರಿನಲ್ಲಿ ಗಳಿಸಬಹುದು, ಎತ್ತರದ ಸಾತ್ಮ್ಯವನ್ನು ಎತ್ತರದಲ್ಲೇ ಗಳಿಸಬೇಕು. ಇಪ್ಪತ್ತೈದರ ಕ್ರೀಡಾಪಟುವೂ ಬಳಲಬಹುದು, ಅವನ ಪಕ್ಕದಲ್ಲೇ ಅರವತ್ತರ ತಾಯಿಯೊಬ್ಬರು ಸುಖವಾಗಿರಬಹುದು. ಯಾರಿಗೆ ಹೇಗೆ ಎಂಬುದನ್ನು ಮುಂಚೆಯೇ ಹೇಳಲು ನಾಡಿಪರೀಕ್ಷೆಯಿಂದಲೂ ಆಗದು, ಯಂತ್ರದಿಂದಲೂ ಆಗದು.

ವೈದ್ಯರು ಒಪ್ಪಿರುವ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳವು ಹಿಂದಿನ ರಾತ್ರಿಗಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿ ಇರಕೂಡದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಮೇಲೇರದೆ ವಿರಮಿಸಬೇಕು. ಈಗ ಲೆಕ್ಕ ಹಾಕಿ ನೋಡಿರಿ. ಗಂಗೋತ್ರಿಯಿಂದ ಭೋಜ್‌ಬಾಸಾಕ್ಕೆ 700 ಮೀಟರ್, ಅಲ್ಲಿಂದ ತಪೋವನಕ್ಕೆ 650. ಎರಡೂ ನಿಯಮವನ್ನು ಮೀರಿದ ಏರುಗಳೇ. ಆದ್ದರಿಂದ ಹರ್ಸಿಲ್ ಕಣಿವೆಯಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ, ಭೋಜ್‌ಬಾಸಾದಲ್ಲಿ ಎರಡು ರಾತ್ರಿ ತಂಗಿ, ನಡುವಿನ ದಿನ ಗೋಮುಖದ ಕಡೆಗೆ ಹೋಗಿ ಮರಳಿ, ಆಮೇಲೆ ತಪೋವನಕ್ಕೆ ಏರುವುದು ಉಚಿತ. ಹಣ ಉಳಿಸುವ ಸಲುವಾಗಿ ಆಯೋಜಕರು ಮೊದಲು ಕಡಿತಗೊಳಿಸುವುದು ಈ ವಿಶ್ರಾಂತಿಯ ದಿನಗಳನ್ನೇ. ಹೃಷೀಕೇಶದಿಂದ ಹೊರಟ ನಾಲ್ಕನೆಯ ದಿನಕ್ಕೆ ತಪೋವನ ತೋರಿಸುತ್ತೇವೆ ಎನ್ನುವವರ ಜೊತೆ, ಎಷ್ಟೇ ಅಗ್ಗವಾದರೂ, ಹೋಗಬೇಡಿರಿ.

ಎತ್ತರದ ಕಾಯಿಲೆ ಸಾಮಾನ್ಯವಾಗಿ ಹೊಸ ಎತ್ತರ ತಲುಪಿದ ಮೊದಲ ರಾತ್ರಿಯೇ ತಲೆದೋರುತ್ತದೆ. ತಲೆನೋವು, ಅದರೊಡನೆ ಊಟ ಬೇಡವೆನಿಸುವುದು, ವಾಕರಿಕೆ, ತಲೆಸುತ್ತು, ಮಿತಿಮೀರಿದ ಆಯಾಸ. ಈ ಹಂತದಲ್ಲಿ ಮೇಲೇರದೆ ಅಲ್ಲಿಯೇ ನಿಂತರೆ ಬಹುತೇಕರಿಗೆ ಒಂದೆರಡು ದಿನದಲ್ಲಿ ಶಮನವಾಗುತ್ತದೆ. ಅದನ್ನು ಮುಚ್ಚಿಟ್ಟು ಏರಿದವರಿಗೆ ಅಪಾಯ ಎರಡು ದಾರಿಯಿಂದ ಬರುತ್ತದೆ. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಗಫ, ನೀಲಿಗಟ್ಟಿದ ತುಟಿ. ಇನ್ನೊಂದು, ಮೆದುಳು ಬಾವುಗೊಳ್ಳುವುದು: ಮಾತಿನಲ್ಲಿ ಗೊಂದಲ, ಅಮಲೇರಿದವನಂತೆ ತೂರಾಡುವ ನಡಿಗೆ. ಹಿಮ್ಮಡಿಗೆ ಮುಂಗಾಲು ತಾಗಿಸಿ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಲು ಹೇಳಿರಿ. ತಪ್ಪಿದರೆ ಸಂದೇಹ ಬೇಡ. ಈ ಎರಡಕ್ಕೂ ಮುಖ್ಯ ಚಿಕಿತ್ಸೆ ಇಳಿಯುವುದು. ರಾತ್ರಿಯಾದರೂ, ಹೊತ್ತುಕೊಂಡಾದರೂ, ಒಂಟಿಯಾಗಿ ಬಿಡದೆ ಕೆಳಗಿಳಿಸಬೇಕು. ಆಮ್ಲಜನಕದ ಸಿಲಿಂಡರ್ ಇಳಿಯುವ ತನಕ ಆಸರೆಯೇ ಹೊರತು ಇಳಿಯುವುದಕ್ಕೆ ಬದಲಿಯಲ್ಲ.

ಇಷ್ಟು ಸ್ಪಷ್ಟವಾದ ಲಕ್ಷಣಗಳಿದ್ದೂ ಜನ ಏಕೆ ಹೇಳುವುದಿಲ್ಲ? ಸಂಕೋಚ. ಹದಿನೈದು ಮಂದಿಯ ಯಾತ್ರೆ ತನ್ನೊಬ್ಬನಿಂದ ಕೆಡಬಾರದೆಂಬ ಒಳ್ಳೆಯತನ; ಇಷ್ಟು ದೂರ ಬಂದು ದರ್ಶನವಿಲ್ಲದೆ ಹೋಗುವುದೇ ಎಂಬ ವ್ಯಥೆ; ಶಿವನ ಸನ್ನಿಧಿಯಲ್ಲಿ ಏನೂ ಆಗದೆಂಬ ವಿಶ್ವಾಸ. ಮೂರೂ ಸಜ್ಜನರ ಗುಣಗಳೇ, ಆದ್ದರಿಂದಲೇ ನಮ್ಮವರ ವಿಷಯದಲ್ಲಿ ನನಗೆ ಭಯ ಹೆಚ್ಚು. ತಂಡದಲ್ಲಿರುವುದು ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕಾಗಿ. ಇಬ್ಬಿಬ್ಬರಂತೆ ಜೊತೆಗೂಡಿ, ಪ್ರತಿ ಸಂಜೆ ಎದುರಿನವರ ಊಟ, ಮಾತು, ನಡಿಗೆಗಳನ್ನು ಗಮನಿಸಿರಿ. ಅಕ್ಕ ಇವತ್ತು ಉಣ್ಣಲಿಲ್ಲ ಎಂದು ಮಾರ್ಗದರ್ಶಕನಿಗೆ ಹೇಳುವುದು ಚಾಡಿಯಲ್ಲ.

ನಡಿಗೆಯ ವೇಗಕ್ಕೆ ಆಯುರ್ವೇದದ ಅಳತೆಗೋಲು ಇಂದಿಗೂ ಸಲ್ಲುತ್ತದೆ. ಬಲಶಾಲಿಯೂ ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ವಾಗ್ಭಟಾಚಾರ್ಯರ ಮತ. ಉಸಿರು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ಸುಶ್ರುತ ಸಂಹಿತೆ ಗುರುತು ಹೇಳುತ್ತದೆ. ನಡೆಯುತ್ತ ಒಂದು ಪೂರ್ಣ ವಾಕ್ಯ ಆಡಲಾಗದಿದ್ದರೆ ನಿಮ್ಮ ವೇಗ ಹೆಚ್ಚಾಯಿತು. ತಂಡದ ವೇಗ ಅತ್ಯಂತ ನಿಧಾನಿಯ ವೇಗವಾಗಿರತಕ್ಕದ್ದು.

ಚಳಿಯ ಮಾತು ಬೇರೆಯಾಗಿಯೇ ಹೇಳಬೇಕು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಸೀಮೆಯ ಸಹಸ್ರತಾಲ್ ಚಾರಣಮಾರ್ಗದಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಅಸುನೀಗಿದರು. ಅವರೊಡನೆ ಮಾರ್ಗದರ್ಶಕರೂ ಇದ್ದರು. ನಮ್ಮಲ್ಲಿ ಮುಂಗಾರು ಕಾಲಿಡುವ ಆ ದಿನಗಳಲ್ಲಿಯೂ ಆ ಎತ್ತರದಲ್ಲಿ ಹವಾಮಾನ ಗಂಟೆಯೊಳಗೆ ತಿರುಗಿಬೀಳುತ್ತದೆ. ಗಾಳಿ ಮತ್ತು ತೇವ ಒಟ್ಟಾದರೆ ಶರೀರದ ಕಾವು ವೇಗವಾಗಿ ಇಳಿಯುತ್ತದೆ. ಮೊದಲು ನಡುಕ, ಬಳಿಕ ತೊದಲುವಿಕೆ, ನಡುಕ ತಾನಾಗಿ ನಿಂತರೆ ಅದು ಸುಧಾರಣೆಯಲ್ಲ, ಕೇಡಿನ ಸೂಚನೆ. ಹತ್ತಿಯ ಬಟ್ಟೆ ಬೆವರಿನಲ್ಲಿ ನೆನೆದರೆ ಆರುವುದಿಲ್ಲ, ಉಣ್ಣೆಯನ್ನೇ ಧರಿಸಿರಿ. ಮಳೆಯಂಗಿಯೂ ಒಂದು ಜೊತೆ ಒಣಬಟ್ಟೆಯೂ ಹೊರೆಯಾಳಿನ ಮೂಟೆಯಲ್ಲಲ್ಲ, ನಿಮ್ಮ ಬೆನ್ನಿನ ಚೀಲದಲ್ಲೇ ಇರಲಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ಕಣಿವೆಗೆ ಹೋಗಲೇಬಾರದು. 2025ರ ಆಗಸ್ಟ್ 5ರಂದು ಗಂಗೋತ್ರಿಯ ದಾರಿಯಲ್ಲಿರುವ ಧರಾಲಿಗೆ ಒದಗಿದ ಗತಿ ಎಲ್ಲರ ನೆನಪಿನಲ್ಲಿದೆ.

ಸ್ನಾನದ ಬಗ್ಗೆ ಭಕ್ತರು ತಪ್ಪದೆ ಕೇಳುತ್ತಾರೆ. ಗೋಮುಖದ ನೀರು ಆಗಷ್ಟೇ ಕರಗಿದ ಹಿಮ. ಅದರಲ್ಲಿ ಮುಳುಗಿದರೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಹೃದ್ರೋಗವುಳ್ಳವರಿಗೆ ಅದು ಪ್ರಾಣಾಂತಿಕ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈಯೊರೆಸಿಕೊಂಡು, ವಿಭೂತಿ ಧರಿಸಿ, ಡೇರೆಯೊಳಗೆ ಇಷ್ಟಲಿಂಗಪೂಜೆ ಮಾಡಿಕೊಳ್ಳಿರಿ. ಬೆಳ್ಳಿಯ ಕರಡಿಗೆ ಬರಿಯ ಎದೆಗೆ ತಾಗಿ ಕೊರೆಯದಂತೆ ಒಳಅಂಗಿಯ ಮೇಲೆ, ಉಣ್ಣೆಯಂಗಿಯ ಒಳಗೆ ಇರಲಿ. ಸೋಮವಾರದ ಉಪವಾಸ ಹಿಡಿದವರು ಯಾತ್ರೆಯ ಮಟ್ಟಿಗೆ ಗುರುಗಳ ಅಪ್ಪಣೆ ಪಡೆದು ಅದನ್ನು ಬಿಡುವುದು ಮೇಲು. ಹಿಮದ ಬಾಯಿಯ ಸಮೀಪ ನಿಂತು ತೀರ್ಥ ತುಂಬಿಕೊಳ್ಳುವ ಆಸೆಯನ್ನೂ ತಡೆಯಬೇಕು. ಬಂಡೆಗಾತ್ರದ ಹಿಮ ಅಲ್ಲಿ ಸೂಚನೆಯಿಲ್ಲದೆ ಕಳಚಿ ಬೀಳುತ್ತದೆ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಝರಿಗಳೂ ಉಕ್ಕುವುದರಿಂದ ಅವನ್ನು ಬೆಳಗಿನಲ್ಲೇ ದಾಟತಕ್ಕದ್ದು.

ಶೀತವೂ ರೂಕ್ಷವೂ ಆದ ಆ ದೇಶದಲ್ಲಿ ವಾತ ಕೆರಳುತ್ತದೆ, ಹಸಿವು ಮಂದವಾಗುತ್ತದೆ. ತುಪ್ಪ ಹಾಕಿದ ಬಿಸಿ ಗಂಜಿ, ಹೆಸರುಬೇಳೆಯ ಖಿಚಡಿ, ಶುಂಠಿ ಕಷಾಯ ಹಿತ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಟಿನುಂಡೆ ಒಯ್ದರೆ ಕೆಡುವುದಿಲ್ಲ, ಬಾಯಿಗೂ ರುಚಿ. ನೀರನ್ನು ಕಾಯಿಸಿ, ಬಾಯಾರದಿದ್ದರೂ ಆಗಾಗ ಕುಡಿಯಿರಿ. ಹೊರಗೆ ಹೋಗಲು ನಾಚಿ ತಾಯಂದಿರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಚಳಿಗೆ ಅಂಜಿ ಹಿರಿಯರು ರಾತ್ರಿ ಮೂತ್ರ ತಡೆಯುತ್ತಾರೆ. ವೇಗಧಾರಣೆಯನ್ನು ಆಚಾರ್ಯರು ರೋಗಮೂಲವೆಂದದ್ದು ಸುಮ್ಮನಲ್ಲ.

ಔಷಧಗಳ ಕುರಿತು ಒಬ್ಬ ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಎತ್ತರದ ಕಾಯಿಲೆಯಲ್ಲಿ ಇಳಿಯುವುದಕ್ಕೆ ಸಮನಾದ ಚೂರ್ಣವಾಗಲಿ ಲೇಹ್ಯವಾಗಲಿ ನಮ್ಮಲ್ಲಿಲ್ಲ. ಕರ್ಪೂರ ಮೂಸಿದರೆ ಮೂಗು ತೆರೆದಂತೆ ಅನಿಸೀತು, ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಆ ಹಿತವಾದ ಭ್ರಮೆಯಲ್ಲೇ ಕಾಲ ಕಳೆಯುತ್ತದೆ. ದಾರಿಬದಿಯಲ್ಲಿ ಶಿಲಾಜಿತು ಎಂದು ಮಾರುವುದನ್ನು ಕೊಳ್ಳಬೇಡಿರಿ. ಅಸಿಟಜೋಲಮೈಡ್ ಎಂಬ ಅಲೋಪತಿ ಮಾತ್ರೆ ಶರೀರ ಹೊಂದಿಕೊಳ್ಳಲು ನೆರವಾಗುತ್ತದೆ, ಆದರೆ ಸಲ್ಫಾ ಒಗ್ಗದವರೂ ಮೂತ್ರಪಿಂಡದ ತೊಂದರೆಯವರೂ ಇರುವುದರಿಂದ ವೈದ್ಯರ ಚೀಟಿಯಿಲ್ಲದೆ ಸಲ್ಲದು. ನಿದ್ರೆಮಾತ್ರೆ ಉಸಿರನ್ನು ಮಂದಗೊಳಿಸುತ್ತದೆ, ಬೇಡ. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟದಂತೆ ಅದನ್ನು ಒಳಜೇಬಿನಲ್ಲೂ, ರಾತ್ರಿ ಹೊದಿಕೆಯೊಳಗೂ ಇಟ್ಟುಕೊಳ್ಳಬೇಕು. ಈಚೆಗೆ ಹೃದಯಾಘಾತವಾದವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ತೀವ್ರ ಶ್ವಾಸರೋಗಿಗಳು, ಗರ್ಭಿಣಿಯರು ಗಂಗೋತ್ರಿಯ ದರ್ಶನದವರೆಗೂ ಹೋಗುವ ಮುನ್ನ ವೈದ್ಯರನ್ನು ಕೇಳಬೇಕು. ಅಲ್ಲಿಂದಾಚೆಗಿನ ಚಾರಣ ಅವರಿಗೆ ಹೇಳಿದ್ದಲ್ಲ.

ಹೊರಡುವ ಮೂರು ತಿಂಗಳ ಮೊದಲಿನಿಂದ ದಿನಕ್ಕೊಂದು ಗಂಟೆ ನಡಿಗೆ, ವಾರಕ್ಕೆರಡು ಬಾರಿ ಬೆಟ್ಟದ ಮೆಟ್ಟಿಲು ಹತ್ತುವ ರೂಢಿ ಇರಲಿ. ಹತ್ತಿದಷ್ಟೇ ಇಳಿಯಿರಿ, ಮೊಣಕಾಲು ಸೋಲುವುದು ಇಳಿಯುವಾಗ. ಆಯೋಜಕರಿಗೆ ಹಣ ಕಟ್ಟುವ ಮೊದಲು ಕೇಳಿರಿ: ಎಷ್ಟು ಮಂದಿಗೆ ಒಬ್ಬ ಮಾರ್ಗದರ್ಶಕ? ಒಬ್ಬರು ಇಳಿಯಬೇಕಾದರೆ ಅವರೊಡನೆ ಇಳಿಯುವವರು ಯಾರು, ಉಳಿದವರನ್ನು ನಡೆಸುವವರು ಯಾರು? ಆಮ್ಲಜನಕ, ಹೊತ್ತೊಯ್ಯುವ ಡೋಲಿ ಉಂಟೇ? ಎರಡನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ತಂಡ ಹುಡುಕಿರಿ.

ಕೊನೆಯದಾಗಿ ಒಂದು ಚೀಟಿ. ನಿಮ್ಮ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ಸೇವಿಸುವ ಮಾತ್ರೆಗಳ ಹೆಸರು, ಒಗ್ಗದ ಔಷಧ, ಮನೆಯವರ ದೂರವಾಣಿ ಸಂಖ್ಯೆ ಇವನ್ನು ಹಿಂದಿಯಲ್ಲಿ ಬರೆಸಿ, ನೀರು ತಾಗದ ಚೀಲದಲ್ಲಿ ಹಾಕಿ, ಎದೆಯ ಜೇಬಿನಲ್ಲಿ ಇಟ್ಟುಕೊಳ್ಳಿರಿ. ಅದೇ ಚೀಟಿಯ ಇನ್ನೊಂದು ಪ್ರತಿಯನ್ನು ಗಂಗೋತ್ರಿಯಲ್ಲಿಯೇ ಮಾರ್ಗದರ್ಶಕನ ಕೈಗೆ ಕೊಡಿರಿ.