ಮಲ್ಟಿಮೀಟರ್ ಯಾರ ಕೈಯಲ್ಲಿದೆ?

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿ. ಕಾರ್ಖಾನೆಗಳ ಕಂಟ್ರೋಲ್ ಬೋರ್ಡುಗಳ ಟೆಸ್ಟಿಂಗ್, ರಿಪೇರಿ, ಈಚೆಗೆ ಒಂದಿಷ್ಟು ವಿನ್ಯಾಸ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಹೆಣ್ಣುಮಕ್ಕಳು. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮಾಡಿದವರು, ಮನೆಯಲ್ಲಿ ತಾಂತ್ರಿಕ ಶಿಕ್ಷಣ ಪಡೆದವರಲ್ಲಿ ಅವರೇ ಮೊದಲಿಗರು. ಇಂಥದ್ದೊಂದು ಉದ್ಯಮ ಕಟ್ಟುತ್ತೇವೆ ಎಂದು ಬರುವವರಿಗೆ ನಾನು ಹೇಳುವ ಮಾತುಗಳಿವು.

1. ಪ್ರತಿಯೊಬ್ಬಳಿಗೂ ಅವಳದೇ ಮೇಜು ಕೊಡಿ.

ಕಾಲೇಜಿನ ಲ್ಯಾಬಿನಲ್ಲಿ ನಾಲ್ಕೈದು ಜನಕ್ಕೆ ಒಂದು ಬ್ಯಾಚ್. ಹುಡುಗರು ಸರ್ಕ್ಯೂಟ್ ಜೋಡಿಸುತ್ತಾರೆ, ಅಕ್ಷರ ದುಂಡಗಿದೆ ಎಂದು ಹುಡುಗಿಯ ಕೈಗೆ ರೆಕಾರ್ಡ್ ಪುಸ್ತಕ ಕೊಡುತ್ತಾರೆ. ಮೂರು ವರ್ಷ ರೀಡಿಂಗ್ ಬರೆದುಕೊಂಡೇ ಬಂದವಳಿಗೆ ಓಮ್ ನಿಯಮ ಬಾಯಿಪಾಠ ಇರುತ್ತದೆ, ಪ್ರೋಬ್ ಹಿಡಿದರೆ ಕೈ ನಡುಗುತ್ತದೆ. ಅದಕ್ಕೇ ನಮ್ಮಲ್ಲಿ ಸೇರಿದ ದಿನವೇ ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಅವಳ ಹೆಸರಿಗೆ. ಜೊತೆಗೆ ಗುಜರಿಗೆ ಹೋಗಬೇಕಾದ ಹಳೇ ಬೋರ್ಡುಗಳ ಒಂದು ಡಬ್ಬಿ. ಸುಟ್ಟರೆ ಸುಡಲಿ, ಟ್ರ್ಯಾಕ್ ಕಿತ್ತುಬಂದರೆ ಬರಲಿ.

ಒಬ್ಬ ಹುಡುಗಿ ಕೆಪಾಸಿಟರ್ ಉಲ್ಟಾ ಕೂರಿಸಿ ಕರೆಂಟ್ ಕೊಟ್ಟಳು. ಅದು ಪಟ್ಟೆಂದು ಒಡೆದಾಗ ಕುರ್ಚಿ ಬಿಟ್ಟು ಬಾಗಿಲತನಕ ಓಡಿದಳು. ಪಕ್ಕದ ಮೇಜಿನ ಹಿರಿಯಳು ಬೈಯಲಿಲ್ಲ. ಹೊಸದೊಂದನ್ನು ತಂದು, ಅದರ ಮೈಮೇಲಿನ ಪಟ್ಟಿ ಮೈನಸ್ ಕಡೆಯದು ಎಂದು ಬೆರಳಿಟ್ಟು ತೋರಿಸಿ, ‘ಈಗ ನೀನಽ ಹಾಕು’ ಎಂದಳು. ಆ ಹುಡುಗಿ ಈಗ ಆಸಿಲೋಸ್ಕೋಪ್ ಮುಂದೆ ಕೂತು, ಬೇರೆಯವರು ಕೈಬಿಟ್ಟ ಬೋರ್ಡುಗಳ ದೋಷ ಹುಡುಕುತ್ತಾಳೆ. ನಾವು ಮಾಡಿದ ಖರ್ಚಿನಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಆ ಹಳೇ ಬೋರ್ಡುಗಳ ಡಬ್ಬಿ.

2. ಪಾಳಿ ಗೊತ್ತುಮಾಡುವ ಮೊದಲು ಬಸ್ಸಿನ ವೇಳಾಪಟ್ಟಿ ನೋಡಿ.

‘ಮೇಡಂ, ಸಂಜಿಗೆ ಎಷ್ಟಕ್ಕ ಬಿಡ್ತೀರ್ರಿ? ನಮ್ಮೂರ ಕಡೇ ಬಸ್ ಏಳಕ್ಕ ಐತ್ರಿ.’ ಅಪ್ಪಂದಿರು ಸಂಬಳಕ್ಕಿಂತ ಮೊದಲು ಕೇಳುವುದು ಇದನ್ನೇ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ದುಡ್ಡು ಉಳಿಯಿತು, ಹೊಸದಾಗಿ ಸೇರಿದವಳಿಗೆ ಅದು ಸಣ್ಣ ಮೊತ್ತವೇನಲ್ಲ. ಕಡೇ ಬಸ್ಸಿನ ಹೊತ್ತು ಮಾತ್ರ ಹಾಗೇ ಇದೆ. ನಾವು ಕೆಲಸದ ಹೊತ್ತನ್ನು ಬೆಳಿಗ್ಗೆಗೆ ಎಳೆದುಕೊಂಡೆವು, ಗಿರಾಕಿಗಳ ಜೊತೆಗಿನ ಮೀಟಿಂಗುಗಳನ್ನು ಮಧ್ಯಾಹ್ನದೊಳಗೆ ಮುಗಿಸುತ್ತೇವೆ. ರಾತ್ರಿ ಎಂಟಕ್ಕೇ ಫೋನಿನಲ್ಲಿ ಸಿಗಬೇಕು ಎಂದ ಗಿರಾಕಿಯ ಕೆಲಸವನ್ನು ಬಿಟ್ಟುಕೊಟ್ಟಿದ್ದೇವೆ.

3. ಕನ್ನಡದಲ್ಲಿ ವಿವರಿಸಿ, ಡೇಟಾಶೀಟನ್ನು ಇಂಗ್ಲಿಷಿನಲ್ಲೇ ಓದಿಸಿ. ಸಂದರ್ಶನ, ಚರ್ಚೆ, ಜಗಳ ಎಲ್ಲ ಕನ್ನಡದಲ್ಲಿ ನಡೆದರೆ ಯಾರಿಗೆ ಎಷ್ಟು ಅರ್ಥವಾಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಡೇಟಾಶೀಟ್ ತಪ್ಪಿಸಿದರೆ ಮುಂದಿನ ಕಂಪನಿಯ ಬಾಗಿಲು ಮುಚ್ಚುತ್ತದೆ. ದಿನಕ್ಕೊಂದು ಪುಟ ಸಾಕು.

4. ಅವರ ಬಡತನವನ್ನು ಮಾರಬೇಡಿ.

ಇದರ ಬಗ್ಗೆ ನನ್ನದು ಗಟ್ಟಿ ನಿಲುವು. ಕೆಲಸ ನೋಡಲು ಬಂದ ಗಿರಾಕಿಗಳಲ್ಲಿ ಕೆಲವರು ಹುಡುಗಿಯರ ಗುಡಿಸಲು, ಅಮ್ಮನ ಕೂಲಿ, ಜಾತಿ ಇವನ್ನೆಲ್ಲ ಕೇಳುತ್ತಾರೆ, ಫೋಟೊ ಬೇಡುತ್ತಾರೆ. ನಾವು ತೋರಿಸುವುದು ಟೆಸ್ಟ್ ರಿಪೋರ್ಟ್, ವಾಪಸ್ ಬಂದ ಬೋರ್ಡುಗಳ ಲೆಕ್ಕ. ಕನಿಕರದಿಂದ ಸಿಕ್ಕ ಆರ್ಡರ್ ಮೊದಲ ತೊಂದರೆಗೇ ಹೋಗುತ್ತದೆ.

ದಾನದ ಹಣವೋ ಆರ್ಡರಿನ ಹಣವೋ ಎನ್ನುವಲ್ಲೇ ಕಂಪನಿಯ ಸ್ವರೂಪದ ಪ್ರಶ್ನೆಯೂ ಬರುತ್ತದೆ. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಆ ಹಣದ ಯೋಜನೆ ನಡೆಸಲು ಟ್ರಸ್ಟ್, ಸೊಸೈಟಿ ಅಥವಾ ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿಗೆ ಅವಕಾಶವಿದೆ, ನಮ್ಮಂಥ ಪ್ರೈವೇಟ್ ಲಿಮಿಟೆಡ್‌ಗೆ ಇಲ್ಲ. ಹಾಸ್ಟೆಲ್, ವಿದ್ಯಾರ್ಥಿವೇತನಕ್ಕೆ ಆ ದಾರಿ ಸರಿ. ಸಂಬಳವನ್ನು ಮಾತ್ರ ಅದರ ಮೇಲೆ ನಿಲ್ಲಿಸಬೇಡಿ, ಕೊಡುವವರ ಲಾಭ ಇಳಿದ ವರ್ಷ ನಿಮ್ಮವರ ಮನೆಯ ಒಲೆಗೆ ಪೆಟ್ಟು ಬೀಳುತ್ತದೆ. ಅದರ ಬದಲು ಸಣ್ಣ ಉದ್ಯಮವೆಂದು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ. ಕೇಂದ್ರ ಸರ್ಕಾರದ ಇಲಾಖೆಗಳು, ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಕನಿಷ್ಠ ಶೇ 25ರಷ್ಟನ್ನು ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಮಾಡಬೇಕು. ಅದರೊಳಗೆ ಶೇ 3 ಮಹಿಳೆಯರ ಉದ್ಯಮಗಳಿಗೆ, ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ. ಬಿಲ್ಲಿನ ಹಣ 45 ದಿನದೊಳಗೆ ಬರಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆದರೂ ಮೂರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಟ್ಟುಕೊಂಡಿರಿ.

5. ಹೆರಿಗೆ ರಜೆಗೆ ಹೆದರಬೇಡಿ, ಲೆಕ್ಕ ಹಾಕಿ.

26 ವಾರ ಎಂದ ಕೂಡಲೇ ಸಣ್ಣ ಉದ್ಯಮಿಗಳ ಮುಖ ಬಾಡುತ್ತದೆ, ಮದುವೆಯ ವಯಸ್ಸಿನವರನ್ನು ತೆಗೆದುಕೊಳ್ಳುವುದೇ ಬೇಡ ಎಂದು ಒಳಗೊಳಗೇ ತೀರ್ಮಾನಿಸುತ್ತಾರೆ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದು ನೌಕರರ ರಾಜ್ಯ ವಿಮೆ (ಇಎಸ್‌ಐ) ಇದ್ದರೆ ರಜೆಯ ಅವಧಿಯ ವೇತನವನ್ನು ಇಎಸ್‌ಐ ನಿಗಮವೇ ಭರಿಸುತ್ತದೆ. ಮಾಲೀಕರ ವಂತಿಗೆ ಸಂಬಳದ ಶೇ 3.25. ಸಂಬಳ ಆ ಮಿತಿ ದಾಟಿದವರ ಹೊಣೆ ನಮ್ಮದು. ಅದಕ್ಕಾಗಿ ಪ್ರತಿ ತಿಂಗಳೂ ಒಂದಿಷ್ಟು ಬೇರೆಯೇ ತೆಗೆದಿಡುತ್ತೇವೆ. ಹಣಕ್ಕಿಂತ ಕಷ್ಟ ಮರಳಿ ಬಂದಾಗಿನದು. ಆರು ತಿಂಗಳಲ್ಲಿ ಗಿರಾಕಿಯೂ ಬೋರ್ಡೂ ಬದಲಾಗಿರುತ್ತವೆ. ಮೊದಲ ಎರಡು ವಾರ ಅವಳನ್ನು ಗಡುವಿನ ಕೆಲಸಕ್ಕೆ ಹಾಕುವುದಿಲ್ಲ, ಅವಳ ಹಳೇ ಮೇಜನ್ನು ಬೇರೆ ಯಾರಿಗೂ ಖಾಯಂ ಕೊಡುವುದಿಲ್ಲ.

6. ಪಕ್ಕದೂರಿನ ಅಕ್ಕನನ್ನು ಮುಂದೆ ನಿಲ್ಲಿಸಿ. ನಮ್ಮ ಗೋಡೆಯ ಮೇಲೆ ರಾಜೇಶ್ವರಿ ಚಟರ್ಜಿಯವರ ಚಿತ್ರವಿದೆ. ನಂಜನಗೂಡಿನಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ ಮಾಡಿ, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದ ಮೈಕ್ರೋವೇವ್ ತಜ್ಞೆ. ಅವರ ಕಥೆ ಹೇಳಿದಾಗ ಹುಡುಗಿಯರ ಕಣ್ಣರಳುತ್ತವೆ. ಮನೆಯವರನ್ನು ಒಪ್ಪಿಸುವುದು ಮಾತ್ರ ನಮ್ಮಲ್ಲೇ ಕೆಲಸ ಮಾಡುವ ಅಣ್ಣಿಗೇರಿಯ ಹಿರಿಯಳೇ. ಅವಳು ಅವರ ಜಗುಲಿಯ ಮೇಲೆ ಕೂತು ತನ್ನ ಸಂಬಳದ ಚೀಟಿ ತೋರಿಸುತ್ತಾಳೆ.

7. ಬಿಟ್ಟುಹೋಗುವವರನ್ನು ನಷ್ಟದ ಖಾತೆಗೆ ಬರೆಯಬೇಡಿ. ಜೋಡಣೆಯ ಸಾಲಿನಲ್ಲಿ ಹೆಣ್ಣುಮಕ್ಕಳು ಎಷ್ಟು ಬೇಕಾದರೂ ಸಿಗುತ್ತಾರೆ, ವಿನ್ಯಾಸದ ಮೇಜಿನಲ್ಲಿ ಕಾಣುವುದು ಅಪರೂಪ. ನಮ್ಮಿಂದ ಹೋದವಳು ಬೆಂಗಳೂರಿನಲ್ಲಿ ಅಂಥ ಮೇಜಿಗೆ ಹೋಗುತ್ತಿದ್ದರೆ ನಾವು ಕೇಳುವುದು ಒಂದೇ ತಿಂಗಳ ನೋಟಿಸ್. ಆ ತಿಂಗಳು ಅವಳು ರಿಪೇರಿ ಮಾಡುವುದಿಲ್ಲ. ಹೊಸಬರಿಬ್ಬರನ್ನು ಆಚೀಚೆ ಕೂರಿಸಿಕೊಂಡು, ತಾನು ಬಲ್ಲ ಒಂದೊಂದು ಬೋರ್ಡಿನ ಸಾಮಾನ್ಯ ದೋಷಗಳನ್ನು ಕನ್ನಡದಲ್ಲಿ ಬರೆದಿಡುತ್ತಾಳೆ. ಆ ನೋಟ್‌ಬುಕ್ ನೋಡಿಯೇ ಅವಳ ರಿಲೀವಿಂಗ್ ಪತ್ರಕ್ಕೆ ಸಹಿ ಹಾಕುತ್ತೇನೆ.