ಮೊರ್ದೆಕೈ ಮತ್ತು ಆಸ್ಪತ್ರೆಯ ಸಹಿ

ಪ್ರಿಯರೇ, ಎಸ್ತೇರಳ ಪುಸ್ತಕ 2ನೇ ಅಧ್ಯಾಯ ತೆಗೀರಿ. ಅಪ್ಪ ಅಮ್ಮ ಇಲ್ಲದ ಎಸ್ತೇರಳನ್ನು ಅಣ್ಣನ ವರಸೆಯ ಮೊರ್ದೆಕೈ ಸಾಕಿದನು. ಅವಳು ಅರಮನೆ ಸೇರಿದ ಮೇಲೂ ದಿನಾ ಅಂಗಳದ ಮುಂದೆ ಓಡಾಡಿ ಕ್ಷೇಮ ವಿಚಾರಿಸ್ತಿದ್ದನು.

ಈಗ ನಮ್ಮ ಕಡೆಗೆ ಬನ್ನಿ. ಅಪ್ಪ ಸಂಡೂರು ಗಣಿಯಲ್ಲಿ ನೈಟ್ ಶಿಫ್ಟ್, ಅಮ್ಮ ಬೆಂಗಳೂರಲ್ಲಿ ಕೆಲಸ, ಏಳು ವರ್ಷದ ಮಗು ಕಂಪ್ಲಿಯಲ್ಲಿ ಅಜ್ಜಿ ಹತ್ರ. ರಾತ್ರಿ ಹೊಟ್ಟೆನೋವು. ಹೊಸಪೇಟೆಯಲ್ಲಿ ಡಾಕ್ಟರು ಆಪರೇಷನ್ ಅಂತಾರೆ. ಇಬ್ಬರ ಫೋನೂ ಸಿಗ್ತಿಲ್ಲ. "ನಾನು ಸಹಿ ಹಾಕಬಹುದಾ ಸ್ವಾಮಿ?"

ಹಾಕಬಹುದು, ಅಜ್ಜಿ. ಮಗುವಿಗೆ 12 ತುಂಬಿಲ್ಲದಿದ್ರೆ, ಕಾನೂನುಬದ್ಧವಾಗಿ ನೋಡಿಕೊಳ್ಳುತ್ತಿರುವವರ ಒಪ್ಪಿಗೆಯ ಮೇಲೆ ಮಗುವಿನ ಒಳಿತಿಗೆಂದು ಸದುದ್ದೇಶದಿಂದ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ರಕ್ಷಣೆ ಕೊಡುತ್ತೆ. ಹಳೆ ಐಪಿಸಿಯಲ್ಲಿ ಇದು 89. ಯಾರೂ ಸಿಗದೆ, ಕಾಯೋಕೂ ಆಗದಿದ್ರೆ 30ನೇ ಸೆಕ್ಷನ್ ಇದೆ.

ಆದ್ರೆ ಆ ಅಧಿಕಾರ ಮಗುವಿನ ಒಳಿತಿಗೆ ಮಾತ್ರ. "ಪ್ರಾರ್ಥನೆ ಸಾಕು, ಆಸ್ಪತ್ರೆ ಬೇಡ" ಅನ್ನೋ ತೀರ್ಮಾನ ನಿಮ್ಮ ಮೈಗೆ ಇಟ್ಕೊಳ್ಳಿ, ಮಗುವಿನ ಮೈ ಮೇಲೆ ಬೇಡ. ಪಾಸ್ಟರ್ ಆಗಿಯೇ ಹೇಳ್ತಿದ್ದೀನಿ. ಬೇಕಂತಲೇ ಕಡೆಗಣಿಸಿ ಮಗುವನ್ನು ನರಳಿಸಿದ್ರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ನಲ್ಲಿ 3 ವರ್ಷದವರೆಗೆ ಜೈಲಿದೆ.

ಯೌವನಸ್ಥ ತಂದೆತಾಯಂದಿರೇ, ಈ ಸಲ ಊರು ಬಿಡೋ ಮುಂಚೆ ಅಜ್ಜಿ ಕೈಗೆ ಸಹಿ ಮಾಡಿದ ಒಪ್ಪಿಗೆ ಪತ್ರ, ಆಧಾರ್ ಜೆರಾಕ್ಸ್, ಲಸಿಕೆ ಕಾರ್ಡ್ ಕೊಟ್ಟು ಹೋಗಿ. ಫೋನ್ ಆನ್ ಇಟ್ಟು ಮಲಗಿ.